ನೆಲದ ನಂಬರು, ಆಳಿನ ನಂಬರು

ನಮ್ಮ ಆಳಂದ ತಾಲೂಕಿನ ಯಾವ ಶಾಲೆಯ ಹಾಜರಿ ಪುಸ್ತಕವನ್ನಾದರೂ ತೆರೆದು ನೋಡಿ. ಒಂದೇ ತರಗತಿಯಲ್ಲಿ ಮೂವರು ಶರಣಬಸಪ್ಪ, ಇಬ್ಬರು ಲಾಡ್ಲೇಸಾಬ, ಒಬ್ಬಿಬ್ಬರು ದತ್ತಾತ್ರೇಯ ಸಿಕ್ಕೇ ಸಿಗುತ್ತಾರೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕಲಬುರಗಿಯಲ್ಲಿ ಶರಣಬಸವೇಶ್ವರರ ಗುಡಿಯಿದೆ, ಆಳಂದದಲ್ಲಿ ಲಾಡ್ಲೆ ಮಶಾಕರ ದರ್ಗಾ ಇದೆ, ಅಫಜಲಪುರದ ಕಡೆ ಗಾಣಗಾಪುರದ ದತ್ತನಿದ್ದಾನೆ. ಹರಕೆ ಹೊತ್ತ ತಾಯಂದಿರು ಮಕ್ಕಳಿಗೆ ಆ ಹೆಸರುಗಳನ್ನೇ ಇಡುತ್ತಾರೆ. ದೇವರಿಗೆ ಇದರಿಂದ ಏನೂ ತೊಂದರೆಯಿಲ್ಲ. ಯಾರ ಮನೆಯ ಶರಣಬಸಪ್ಪ ಎನ್ನುವುದು ಅವನಿಗೆ ಗೊತ್ತು. ತೊಂದರೆಯೆಲ್ಲ ಅಂಕಪಟ್ಟಿ ಬರೆಯುವ ನಮ್ಮಂಥ ಮಾಸ್ತರ, ಟೀಚರುಗಳಿಗೆ!

ಊರಿನವರು ಇದಕ್ಕೆ ತಮ್ಮದೇ ಉಪಾಯ ಕಂಡುಕೊಂಡಿದ್ದಾರೆ. ಕೆಳಗಿನ ಓಣಿ ಶರಣಬಸಪ್ಪ, ಗಿರಣಿ ಶರಣಬಸಪ್ಪ, ಉದ್ದನೆಯ ಶರಣಬಸಪ್ಪ. ಊರು ಚಿಕ್ಕದಿರುವ ತನಕ ಇಷ್ಟು ಸಾಕು. ಶಾಲೆಯಲ್ಲಿ ಮಾತ್ರ ನಾವು ರೋಲ್ ನಂಬರ್ ಕೊಡುತ್ತೇವೆ. ಏಳನೆಯ ತರಗತಿಯ 14ನೆಯ ನಂಬರು ಎಂದರೆ ಒಬ್ಬನೇ ಹುಡುಗ. ಆದರೆ ಮುಂದಿನ ವರ್ಷ ಅದೇ 14 ಇನ್ನೊಬ್ಬನಿಗೆ ಹೋಗುತ್ತದೆ. ಎರಡು ವಿಭಾಗ ಕೂಡಿಸಿ ಒಂದು ಮಾಡಿದರೆ ಇಬ್ಬರು 14 ಎದ್ದು ನಿಲ್ಲುತ್ತಾರೆ. ರೋಲ್ ನಂಬರು ಮಗುವಿನದಲ್ಲ, ಬೆಂಚಿನದು. ಈಗ ರಾಜ್ಯದ ಪ್ರತಿ ಮಗುವಿಗೂ ಸ್ಯಾಟ್ಸ್ ಸಂಖ್ಯೆ ಎಂದು ಬಂದಿದೆ. ಅದು ಮಗುವಿನದು. ಮಗು ಹಿರೋಳ್ಳಿ ಬಿಟ್ಟು ಕಲಬುರಗಿಯ ಶಾಲೆಗೆ ಸೇರಿದರೆ ಸಂಖ್ಯೆಯೂ ಬೆನ್ನಿಗೆ ಹೋಗುತ್ತದೆ.

ಈ ಎರಡು ಬಗೆಯ ನಂಬರುಗಳನ್ನು, ಅಂದರೆ ಜಾಗಕ್ಕೆ ಅಂಟಿದ ನಂಬರು ಮತ್ತು ಆಳಿಗೆ ಅಂಟಿದ ನಂಬರು, ಬೇರೆ ಬೇರೆ ಎಂದು ತಿಳಿಯಲು ಮನುಷ್ಯರಿಗೆ ಬಹಳ ಕಾಲ ಹಿಡಿದಿದೆ. ಯಂತ್ರಗಳ ಲೋಕದಲ್ಲೂ ಇದೇ ಕಥೆ ನಡೆದಿದೆ. ನನ್ನ ಮಟ್ಟಿಗಂತೂ ಇದು ಬರೀ ಲೆಕ್ಕದ ಮಾತಲ್ಲ. ನನ್ನ ತಾಯಿಯ ಪಾಲಿನ ಮಾತು. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ನೆಲದ ನಂಬರಿನ ಕಥೆ ಕೇಳಿ. ಹಿಂದೆ ಹೊಲಗಳಿಗೂ ಹೆಸರುಗಳೇ ಇದ್ದವು. ಬೇವಿನ ಗಿಡದ ಹೊಲ, ಹಳ್ಳದ ದಂಡೆ ಹೊಲ, ಮಠದ ಹೊಲ. ಗಿಡ ಬಿದ್ದರೆ ಹೆಸರೂ ಬೀಳುತ್ತಿತ್ತು, ಹಳ್ಳ ದಿಕ್ಕು ಬದಲಿಸಿದರೆ ಜಗಳ ಏಳುತ್ತಿತ್ತು. ಬ್ರಿಟಿಷರ ಬೊಂಬಾಯಿ ಪ್ರಾಂತದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳು 1835ರ ಸುಮಾರಿಗೆ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಹೊಲಹೊಲವನ್ನೂ ಅಳೆದು, ಬಾಂದುಕಲ್ಲು ನೆಟ್ಟು, ಒಂದೊಂದಕ್ಕೆ ಒಂದೊಂದು ನಂಬರು ಕೊಡುವ ಕ್ರಮ ಆರಂಭಿಸಿದರು. ಇಂದಾಪುರವೇನು ಬಹಳ ದೂರವಲ್ಲ, ನಮ್ಮ ಪಕ್ಕದ ಸೊಲ್ಲಾಪುರ ಜಿಲ್ಲೆಗೆ ಹತ್ತಿದ ಊರು. ನಮ್ಮ ಗುಲ್ಬರ್ಗಾ ಸೀಮೆ ಆಗ ನಿಜಾಮರ ಹೈದರಾಬಾದಿಗೆ ಸೇರಿತ್ತು. 1853ರಿಂದ 1883ರ ತನಕ ಅಲ್ಲಿ ದಿವಾನರಾಗಿದ್ದ ಸಾಲಾರ್ ಜಂಗರು ಕಂದಾಯದ ಆಡಳಿತವನ್ನು ತಿದ್ದಿದರು. ಆ ತಿದ್ದುಪಡಿಯ ಬೆನ್ನಿಗೇ ಸರ್ವೆಯೂ ಬಂತು. ಈಗಲೂ ನಮ್ಮ ಬಾಯಲ್ಲಿರುವ ಪಹಣಿ, ಪಟ್ಟಾ, ಹಿಸ್ಸಾ ಎಂಬ ಮಾತುಗಳಲ್ಲಿ ಆ ಕಾಲದ ದಫ್ತರದ ವಾಸನೆ ಉಳಿದಿದೆ.

ಸರ್ವೆ ನಂಬರಿನ ಗುಣವೇನು? ಅದು ನೆಲಕ್ಕೆ ಅಂಟಿಕೊಂಡಿರುತ್ತದೆ. ಅಜ್ಜ ಸತ್ತ, ಮಗ ಬಂದ, ಮಗ ಮಾರಿದ, ಬೇರೆಯವನು ಕೊಂಡ. ನಂಬರು ಮಾತ್ರ ಅದೇ. ನಿಜಾಮರ ಆಳ್ವಿಕೆ 1948ರ ಸೆಪ್ಟೆಂಬರ್ 17ಕ್ಕೆ ಮುಗಿಯಿತು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1973ಕ್ಕೆ ಆ ರಾಜ್ಯ ಕರ್ನಾಟಕವಾಯಿತು. 2014ಕ್ಕೆ ಗುಲ್ಬರ್ಗಾ ಕಲಬುರಗಿ ಆಯಿತು, 2019ಕ್ಕೆ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು. ಆಳುವವರು ಬದಲಾದರು, ರಾಜ್ಯದ ಹೆಸರು, ಜಿಲ್ಲೆಯ ಹೆಸರು ಬದಲಾದವು. ಹೊಲದ ನಂಬರು ಮಾತ್ರ ತನ್ನ ಬಾಂದುಕಲ್ಲಿನ ಹತ್ತಿರವೇ ಕುಳಿತಿತ್ತು. ಹೊಲ ಒಡೆದು ಅಣ್ಣತಮ್ಮಂದಿರ ಪಾಲಾದಾಗ ಅದಕ್ಕೊಂದು ಬಾಲ ಹುಟ್ಟುತ್ತಿತ್ತು, ಅಷ್ಟೇ. 45 ಇದ್ದದ್ದು 45ರ 1, 45ರ 2 ಎಂದಾಗುತ್ತಿತ್ತು.

ಆದರೆ ಒಂದು ತೊಡಕಿತ್ತು. 45ನೆಯ ಸರ್ವೆ ನಂಬರು ಹಿರೋಳ್ಳಿಯಲ್ಲೂ ಇದ್ದೀತು, ಜೇವರ್ಗಿಯ ಕಡೆಯ ಹಳ್ಳಿಯಲ್ಲೂ ಇದ್ದೀತು. ಪ್ರತಿ ಊರಿನ ಲೆಕ್ಕವೂ ಒಂದರಿಂದಲೇ ಶುರು. ದಫ್ತರ ಊರಿನ ಕುಲಕರ್ಣಿಯ ಮನೆಯ ಪೆಟ್ಟಿಗೆಯಲ್ಲಿ ಇರುವವರೆಗೆ, ಆಮೇಲೆ ಗ್ರಾಮ ಲೆಕ್ಕಿಗರ ಚೀಲದಲ್ಲಿ ಇರುವವರೆಗೆ, ಯಾರಿಗೂ ಇದು ತೊಡಕೆನಿಸಲಿಲ್ಲ. 2000ದ ಸುಮಾರಿಗೆ ಕರ್ನಾಟಕ ಸರ್ಕಾರ ‘ಭೂಮಿ’ ಎಂಬ ಯೋಜನೆ ಹಮ್ಮಿಕೊಂಡಿತು. ರಾಜ್ಯದ ಸುಮಾರು 67 ಲಕ್ಷ ರೈತರ, ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಅಲ್ಲಿಯ ತನಕ ಅವು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದವು. ಮುಂದೆ ಕೈಬರಹದ ಪಹಣಿಗೆ ಬೆಲೆಯಿಲ್ಲ, 15 ರೂಪಾಯಿ ಕೊಟ್ಟು ತಾಲೂಕು ಕಚೇರಿಯ ಕಿಟಕಿಯಲ್ಲಿ ಅಚ್ಚಾದ ಪ್ರತಿ ತೆಗೆದುಕೊಳ್ಳಬೇಕು ಎಂದಾಯಿತು. ಎಲ್ಲ ಊರಿನ 45ಗಳು ಒಂದೇ ಕಡೆ ಬಂದು ಸೇರಿದರೆ ಗತಿಯೇನು? ಅದಕ್ಕೆಂದೇ ಇವತ್ತು ಪಹಣಿ ನೋಡಬೇಕೆಂದರೆ ಮೊದಲು ಜಿಲ್ಲೆ, ಆಮೇಲೆ ತಾಲೂಕು, ಹೋಬಳಿ, ಗ್ರಾಮ, ಕೊನೆಗೆ ಸರ್ವೆ ನಂಬರು, ಹಿಸ್ಸಾ ಎಂದು ಒಂದೊಂದೇ ಮೆಟ್ಟಿಲು ಇಳಿಯಬೇಕು. ನಂಬರು ಹಳೆಯದೇ, ಅದರ ಮುಂದೆ ಊರಿನ ಗುರುತು ಸೇರಿತು.

ಈ ಉಪಾಯದ ಜಾಣತನ ಗಡಿಯಲ್ಲಿರುವ ನಮಗೆ ಬೇಗ ತಿಳಿಯುತ್ತದೆ. ಹಿರೋಳ್ಳಿ ದಾಟಿದರೆ ವಾಗ್ದರಿ, ಮುಂದೆ ಅಕ್ಕಲಕೋಟ, ಎಲ್ಲ ಮಹಾರಾಷ್ಟ್ರ. ನಮ್ಮ ರಸ್ತೆಯ ಮೇಲೆ ಕಲಬುರಗಿಯ ಕೆಎ 32 ಗಾಡಿಗಳೂ ಓಡುತ್ತವೆ, ಸೊಲ್ಲಾಪುರದ ಎಂಎಚ್ 13 ಗಾಡಿಗಳೂ ಓಡುತ್ತವೆ. ಕಲಬುರಗಿಯ ಆರ್.ಟಿ.ಓ. ಕಚೇರಿಯವರು ಹೊಸ ನಂಬರು ಕೊಡುವಾಗ ಸೊಲ್ಲಾಪುರಕ್ಕೆ ಫೋನು ಮಾಡಿ ‘ಈ ನಂಬರು ನೀವು ಯಾರಿಗಾದರೂ ಕೊಟ್ಟಿದ್ದೀರೇನ್ರೀ?’ ಎಂದು ಕೇಳುವುದಿಲ್ಲ. ಕೇಳುವ ಅಗತ್ಯವೇ ಇಲ್ಲ. ಮುಂದಿನ ಅಕ್ಷರಗಳೇ ಬೇರೆ ಇರುವಾಗ ಹಿಂದಿನ ಅಂಕಿ ಒಂದೇ ಆದರೂ ಎರಡು ಗಾಡಿಗಳ ಗುರುತು ಒಂದಾಗದು. 1972ರ ಆಗಸ್ಟ್ 15ರಂದು ಬಂದ ಪಿನ್‌ಕೋಡಿನದೂ ಇದೇ ಲೆಕ್ಕ. ಕಲಬುರಗಿಯದು 5ರಿಂದ ಶುರುವಾದರೆ ಸೊಲ್ಲಾಪುರದ್ದು 4ರಿಂದ. ದೊಡ್ಡವರು ಮುಂದಿನ ಭಾಗವನ್ನು ಹಂಚಿಬಿಡಬೇಕು. ಹಿಂದಿನ ಭಾಗವನ್ನು ಅವರವರು ಕೊಟ್ಟುಕೊಳ್ಳಬೇಕು. ಹೀಗೆ ಮಾಡಿದರೆ ಒಬ್ಬರನ್ನೊಬ್ಬರು ಕೇಳದೆಯೂ ಎಲ್ಲರ ಗುರುತೂ ಬೇರೆ ಬೇರೆಯಾಗಿರುತ್ತದೆ.

ಇನ್ನು ಯಂತ್ರದ ಕಡೆ ಬರೋಣ. ನಮ್ಮ ಪಹಣಿ, ನಮ್ಮ ಪಡಿತರ ಚೀಟಿ, ಬ್ಯಾಂಕಿನ ಲೆಕ್ಕ ಎಲ್ಲ ‘ಕಂಪ್ಯೂಟರಿನಲ್ಲಿ ಇದೆ’ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಕಂಪ್ಯೂಟರಿನಲ್ಲಿ ಎಂದರೆ ಎಲ್ಲಿ? ಇದನ್ನು ನನಗೆ ಬಿಡಿಸಿ ಹೇಳಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಹಿರೋಳ್ಳಿಯ ಹುಡುಗಿ, ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದಿ ಈಗ ಬೆಂಗಳೂರಿನಲ್ಲಿ ಇಂಥ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಪಂಚಮಿಗೆ ಊರಿಗೆ ಬಂದಾಗ ನಮ್ಮ ಮನೆಗೂ ಬರುತ್ತಾಳೆ. ಉಂಡಿ ತಿನ್ನುತ್ತ ಅವಳು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಇಡುತ್ತೇನೆ.

ದೊಡ್ಡ ದೊಡ್ಡ ಕಚೇರಿಗಳ ಕಡತಗಳು ಒಂದು ಕಂಪ್ಯೂಟರಿನ ಹೊಟ್ಟೆಯಲ್ಲಿ ಇರುವುದಿಲ್ಲವಂತೆ. ಅವಕ್ಕೆಂದೇ ಬೇರೆ ಕಪಾಟು ಇರುತ್ತದೆ. ನಮ್ಮ ಅಡಿಗೆಮನೆಯ ಸಾಲು ಡಬ್ಬಿಗಳಂತೆ ಹತ್ತಾರು, ಕೆಲವು ಕಡೆ ನೂರಾರು ಡಿಸ್ಕುಗಳನ್ನು ಸಾಲಾಗಿ ಜೋಡಿಸಿದ ಪೆಟ್ಟಿಗೆ ಅದು. ಸ್ಟೋರೇಜ್ ಅರೇ ಎಂದು ಅದರ ಹೆಸರು. ಆ ಕಪಾಟಿಗೆ ಕಾವಲುಗಾರರಂತೆ ಸಾಮಾನ್ಯವಾಗಿ ಎರಡು ಕಂಟ್ರೋಲರುಗಳು ಇರುತ್ತವೆ. ಯಾವ ಡಬ್ಬಿಯಲ್ಲಿ ಏನಿದೆ, ಯಾರು ಕೇಳಿದರೆ ಯಾವುದನ್ನು ಕೊಡಬೇಕು ಎನ್ನುವುದು ಇವರ ಕೆಲಸ. ಇಬ್ಬರೇಕೆಂದರೆ ಒಬ್ಬ ಕೆಟ್ಟು ಕುಳಿತರೆ ಇನ್ನೊಬ್ಬ ಮನೆ ನಡೆಸಲಿ ಎಂದು. ನಮ್ಮ ಕೂಡುಕುಟುಂಬಗಳಲ್ಲಿ ಅತ್ತೆಯ ಹತ್ತಿರ ಒಂದು, ಹಿರಿಯ ಸೊಸೆಯ ಹತ್ತಿರ ಒಂದು ಕೀಲಿಕೈ ಇರುತ್ತಿದ್ದವಲ್ಲ, ಹಾಗೆ. ಕಡತ ಬೇಕೆನ್ನುವ ಸರ್ವರುಗಳು ಬೇರೆ ಕಡೆ ಇರುತ್ತವೆ. ನಡುವೆ ತಂತಿ, ತಂತಿಗಳ ನಡುವೆ ಸ್ವಿಚ್ಚು. ಈ ಸ್ವಿಚ್ಚನ್ನು ಓಣಿಯ ಕೂಟ ಎಂದುಕೊಳ್ಳಿ.

ಆ ಕೂಟದಲ್ಲಿ ಯಾರು ಯಾರೆಂದು ತಿಳಿಯುವುದು ಹೇಗೆ? ಅದಕ್ಕೆ ಕಂಟ್ರೋಲರಿನ ಪ್ರತಿ ಬಾಗಿಲಿಗೂ, ಸರ್ವರಿನ ಪ್ರತಿ ಬಾಗಿಲಿಗೂ ಜಗತ್ತಿನಲ್ಲಿ ಇನ್ನೆಲ್ಲೂ ಇರದ ಒಂದು ಗುರುತು ಇರುತ್ತದೆ. ಫೈಬರ್ ಚಾನೆಲ್ ಎಂಬ ಜಾಲದಲ್ಲಿ ಇದಕ್ಕೆ ವರ್ಲ್ಡ್ ವೈಡ್ ನೇಮ್ ಎನ್ನುತ್ತಾರೆ. ಹದಿನಾರು ಅಂಕಿ-ಅಕ್ಷರಗಳ ಸಾಲು. 0ಯಿಂದ 9ರ ತನಕದ ಅಂಕಿ, ಆಮೇಲೆ ಎ ಇಂದ ಎಫ್ ತನಕದ ಅಕ್ಷರ. ಕಪಾಟಿನ ಪಟ್ಟಿಯಲ್ಲಿ ‘ಈ ಗುರುತಿನ ಸರ್ವರ್ ಕೇಳಿದರೆ ಈ ಡಬ್ಬಿ ಕೊಡು’ ಎಂದು ಬರೆದಿರುತ್ತದೆ. ಸ್ವಿಚ್ಚಿನ ಪಟ್ಟಿಯಲ್ಲಿ ‘ಈ ಗುರುತಿನವರು ಈ ಗುರುತಿನವರ ಜೊತೆ ಮಾತ್ರ ಮಾತಾಡಬಹುದು’ ಎಂದು ಇರುತ್ತದೆ. ಪಟ್ಟಿಯಲ್ಲಿ ಇಲ್ಲದವರಿಗೆ ಕಪಾಟಿನ ಬಾಗಿಲೇ ಕಾಣುವುದಿಲ್ಲ. ಒಂದೇ ಗುರುತಿನ ಇಬ್ಬರು ಒಂದೇ ಜಾಲದಲ್ಲಿ ಬಂದರೆ ಸ್ವಿಚ್ಚು ಒಬ್ಬರನ್ನು ಹೊರಗೆ ಹಾಕಬಹುದು, ಇಲ್ಲವೇ ಕೆಲಸ ನಡುನಡುವೆ ನಿಲ್ಲಬಹುದು. ಇಬ್ಬರು ಶರಣಬಸಪ್ಪರ ಅಂಕಪಟ್ಟಿ ಅದಲುಬದಲಾದರೆ ಒಬ್ಬ ಹುಡುಗ ಅಳುತ್ತಾನೆ. ಇಲ್ಲಿ ಒಂದು ಇಡೀ ಕಚೇರಿಯೇ ಕೈಕಟ್ಟಿ ಕೂರಬೇಕಾಗುತ್ತದೆ.

ಜಗತ್ತಿಗೆಲ್ಲ ಒಂದೇ ಒಂದು ಎಂಬ ಈ ಗುರುತಿನ ಆಲೋಚನೆ ಎಲ್ಲಿಂದ ಬಂತು? ಇದೂ ರೋಲ್ ನಂಬರಿನಿಂದಲೇ ಶುರುವಾದ ಕಥೆ. 1973ರಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಸಂಗಡಿಗರು ಕಂಪ್ಯೂಟರುಗಳನ್ನು ಒಂದೇ ತಂತಿಗೆ ಪೋಣಿಸುವ ಈಥರ್ನೆಟ್ ಎಂಬ ಜಾಲ ಕಟ್ಟಿದರು. ಆ ಮೊದಲ ಜಾಲದಲ್ಲಿ ಒಟ್ಟು 256 ಗುರುತುಗಳಿಗಷ್ಟೇ ಜಾಗವಿತ್ತು. ಒಂದು ತಂತಿಯ 14 ಬೇರೆ, ಇನ್ನೊಂದು ತಂತಿಯ 14 ಬೇರೆ. ಥೇಟು ನಮ್ಮ ತರಗತಿಗಳ ಹಾಗೆ. ಯಂತ್ರವನ್ನು ಎತ್ತಿ ಇನ್ನೊಂದು ತಂತಿಗೆ ಹಾಕಿದರೆ ನಂಬರನ್ನೂ ನೋಡಿಕೊಳ್ಳಬೇಕಾಗಿತ್ತು.

1981ರಲ್ಲಿ ಅದೇ ಕಂಪನಿಯ ಇಬ್ಬರು ಇದರ ಬಗ್ಗೆ ಒಂದು ಲೇಖನ ಬರೆದರು. ಒಬ್ಬರು ರಾಬರ್ಟ್ ಪ್ರಿಂಟಿಸ್. ಇನ್ನೊಬ್ಬರು ಯಾರು ಗೊತ್ತೇ? ಮುಂಬಯಿಯ ಐ.ಐ.ಟಿ.ಯಲ್ಲಿ ಓದಿ ಹೋದ ಯೋಗೇನ್ ದಲಾಲ್! ಅವರ ವಾದ ಸರಳ. ನಂಬರು ತಂತಿಯದಾಗಬಾರದು, ಯಂತ್ರದ್ದಾಗಬೇಕು. ಹುಟ್ಟುವಾಗಲೇ ಅದಕ್ಕೊಂದು ನಂಬರು ಇರಲಿ, ಎಲ್ಲಿ ಹೋದರೂ ಅದೇ ಇರಲಿ, ಜಗತ್ತಿನ ಇನ್ನಾವ ಯಂತ್ರಕ್ಕೂ ಅದು ಇರದಿರಲಿ. ಅದಕ್ಕಾಗಿ ಹನ್ನೆರಡು ಅಂಕಿ-ಅಕ್ಷರಗಳ ಗುರುತು ಬಂತು. ಅದರಲ್ಲಿ ಸುಮಾರು 281 ಲಕ್ಷ ಕೋಟಿ ಬೇರೆ ಬೇರೆ ಜೋಡಣೆಗಳು ಸಾಧ್ಯ. ಮುಂದಿನ ಅರ್ಧ ತಯಾರಿಸುವ ಕಂಪನಿಯ ಗುರುತು, ಹಿಂದಿನ ಅರ್ಧ ಆ ಕಂಪನಿ ತಾನೇ ಕೊಡುವ ಕ್ರಮಾಂಕ. ಕಂಪನಿಗಳಿಗೆ ಮುಂದಿನ ಅರ್ಧವನ್ನು ಮೊದಲು ಜೆರಾಕ್ಸಿನವರೇ ಹಂಚುತ್ತಿದ್ದರು. ಆಮೇಲೆ ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆ ವಹಿಸಿಕೊಂಡಿತು. ನೋಡಿದಿರಾ, ಮತ್ತೆ ಅದೇ ಕೆಎ 32, ಎಂಎಚ್ 13ರ ಲೆಕ್ಕ! ಕಪಾಟಿನ ಕಂಟ್ರೋಲರುಗಳ ಹದಿನಾರು ಅಕ್ಷರದ ಗುರುತಿನ ಒಳಗೂ ಕಂಪನಿಯ ಇದೇ ಅಂಕಿತ ಕುಳಿತಿರುತ್ತದೆ.

2004ರಲ್ಲಿ ಐಸ್ಕಸಿ ಎಂಬ ಇನ್ನೊಂದು ಪದ್ಧತಿಯ ನಿಯಮಗಳು ಹೊರಬಂದವು. ಮಾಮೂಲಿ ಇಂಟರ್ನೆಟ್ ತಂತಿಯ ಮೇಲೇ ಕಪಾಟಿನ ಜೊತೆ ಮಾತಾಡುವ ಪದ್ಧತಿ ಅದು. ಇದರ ಗುರುತು ಅಂಕಿಯಲ್ಲ, ಉದ್ದನೆಯ ಹೆಸರು. ಐಕ್ಯೂಎನ್ ಎಂದು ಶುರುವಾಗಿ, ಒಂದು ವರ್ಷ ಮತ್ತು ತಿಂಗಳು, ಆಮೇಲೆ ಸಂಸ್ಥೆಯ ಇಂಟರ್ನೆಟ್ ಹೆಸರು ತಿರುಗುಮುರುಗಾಗಿ, ಕೊನೆಗೆ ಅವರು ಕೊಟ್ಟುಕೊಂಡ ಗುರುತು. ವರ್ಷ, ತಿಂಗಳು ಏಕೆ ಎಂದು ನನಗೆ ಕುತೂಹಲವಾಯಿತು. ಕಾರಣ ಕೇಳಿ ಇತಿಹಾಸ ಕಲಿಸುವ ನನಗೆ ಬಹಳ ಸಂತೋಷವಾಯಿತು. ಇಂಟರ್ನೆಟ್ಟಿನ ಹೆಸರುಗಳು ಹೊಲದಂತೆ ಕೈಬದಲಾಗುತ್ತವೆ. ಇಂದು ಒಬ್ಬರದು, ನಾಳೆ ಇನ್ನೊಬ್ಬರದು. ಅದಕ್ಕೆ ‘ಈ ತಿಂಗಳಲ್ಲಿ ಈ ಹೆಸರು ಯಾರದಾಗಿತ್ತೋ ಅವರು ಕೊಟ್ಟ ಗುರುತು’ ಎಂದು ಕಾಲವನ್ನೂ ಸೇರಿಸಿ ಬರೆಯುತ್ತಾರೆ. ಹೆಸರು ಬದಲಾಗುತ್ತದೆ ಎಂದು ಒಪ್ಪಿಕೊಂಡು, ಬದಲಾಗುವ ಮುಂಚಿನ ಕಾಲವನ್ನೂ ಗುರುತಿನ ಒಳಗೇ ಕಟ್ಟಿಟ್ಟ ಬುದ್ಧಿವಂತಿಕೆ ಅದು. ಮನುಷ್ಯರ ಕಾಗದಪತ್ರಗಳಲ್ಲಿ ಇದು ಇದ್ದಿದ್ದರೆ ಎಂದು ನಾನು ಅಂದುಕೊಂಡೆ.

ಈಗ ಆ ಹುಡುಗಿ ಹೇಳಿದ ಒಂದು ರಾತ್ರಿಯ ಸಂಗತಿ. ಒಂದು ಕಡೆ ಕಪಾಟಿನ ಒಂದು ಕಂಟ್ರೋಲರ್ ಕೆಟ್ಟಿತು. ಹೊಸದನ್ನು ತಂದು ಹಾಕಿದರು. ದೀಪ ಹತ್ತಿತು, ಡಿಸ್ಕುಗಳೆಲ್ಲ ಸರಿಯಾಗಿದ್ದವು, ಒಳಗಿನ ಒಂದು ಅಕ್ಷರವೂ ಅಳಿಸಿರಲಿಲ್ಲ. ಆದರೂ ಆ ಬಾಗಿಲನ್ನು ನಂಬಿಕೊಂಡಿದ್ದ ಸರ್ವರುಗಳು ‘ಡಿಸ್ಕು ಇಲ್ಲ’ ಎನ್ನತೊಡಗಿದವು. ಏನಾಗಿತ್ತೆಂದರೆ, ಆ ಯಂತ್ರದಲ್ಲಿ ಗುರುತು ಕಂಟ್ರೋಲರಿನ ಮೈಮೇಲೇ ಇತ್ತು. ಹಳೆಯದನ್ನು ಕಿತ್ತಾಗ ಹಳೆಯ ಗುರುತೂ ಅದರ ಜೊತೆ ಹೋಯಿತು. ಹೊಸದು ತನ್ನದೇ ಗುರುತು ಹೊತ್ತು ಬಂದಿತ್ತು. ಸ್ವಿಚ್ಚಿನ ಪಟ್ಟಿಯಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ!

“ಡಾಟಾ ಅಲ್ಲೇ ಇತ್ತ್ರಿ ಟೀಚರ್, ಕೇಳೋರೂ ಅಲ್ಲೇ ಇದ್ರು. ನಡುವ ಹೆಸರು ಹೊಂದಲಿಲ್ಲ, ಅಷ್ಟ,” ಎಂದಳು. ಆ ರಾತ್ರಿ ಅವಳನ್ನು ಕಾಪಾಡಿದ್ದು ಒಂದು ನೋಟುಬುಕ್ಕು. ಹಳೆಯ ಕಂಟ್ರೋಲರಿನ ಎಲ್ಲ ಗುರುತುಗಳನ್ನೂ, ಯಾವುದು ಯಾರ ಜೊತೆ ಸೇರಿತ್ತೆಂಬುದನ್ನೂ ಅವಳು ಮೊದಲೇ ಬರೆದಿಟ್ಟಿದ್ದಳು. ಹೊಸ ಗುರುತನ್ನು ಹಳೆಯದರ ಎದುರಿಗೆ ಬರೆದು, ಸ್ವಿಚ್ಚಿನ ಪಟ್ಟಿಯಲ್ಲಿ ಸೇರಿಸಿದ ಮೇಲೆ ಕಪಾಟಿನ ಬಾಗಿಲು ತೆರೆಯಿತಂತೆ.

ಕೆಲವು ಕಂಪನಿಗಳು ಈ ತೊಂದರೆ ಬೇಡವೆಂದು ಗುರುತನ್ನು ಕಂಟ್ರೋಲರಿಗೆ ಕೊಡದೆ ಕಪಾಟಿನ ಮೈಗೇ ಕೊಡುತ್ತವೆ. ಕಂಟ್ರೋಲರ್ ಬದಲಾದರೂ ಹೊಸದು ಆ ಜಾಗದ ಗುರುತನ್ನೇ ಹೊದ್ದುಕೊಳ್ಳುತ್ತದೆ. ಕಂಟ್ರೋಲರ್ ಬಂದು ಹೋಗುವ ಆಳು, ಕಪಾಟು ಮನೆತನ ಎಂದ ಹಾಗೆ. ಇನ್ನು ಕೆಲವು ಕಡೆ ಕೆಲಸ ಮಾಡುವವರೇ ಹಳೆಯ ಗುರುತನ್ನು ಹೊಸದಕ್ಕೆ ಬರೆದುಕೊಡಬಹುದು. ಆದರೆ ಆಗ ಕಿತ್ತು ಹಾಕಿದ ಹಳೆಯದನ್ನು ರಿಪೇರಿ ಮಾಡಿ ಅದೇ ಜಾಲದಲ್ಲಿ ಎಲ್ಲಾದರೂ ಸಿಕ್ಕಿಸಿದರೆ ಒಂದೇ ಗುರುತಿನ ಇಬ್ಬರು ಎದುರುಬದುರಾಗುತ್ತಾರೆ. ಒಂದು ಸರ್ವರಿನ ನಕಲು ಮಾಡಿ ಇನ್ನೊಂದನ್ನು ಎಬ್ಬಿಸಿದಾಗಲೂ ಗುರುತು ನಕಲಾಗಿ ಇದೇ ಪೇಚು ಬರುತ್ತದೆಯಂತೆ. ಅವಳ ಕೆಲಸದ ಮೊದಲ ಪಾಠವೇ ಇದು: ಯಾವ ಗುರುತು ಜಾಗದ್ದು, ಯಾವುದು ಆಳಿನದು ಎಂದು ಮೊದಲು ತಿಳಿ, ಬದಲಿಸುವ ಮುಂಚೆ ಎರಡನ್ನೂ ಬರೆದಿಡು.

ಅವಳು ಇದನ್ನು ಹೇಳುವಾಗ ನನ್ನ ಕಣ್ಣಮುಂದೆ ಬಂದದ್ದು ಯಂತ್ರವಲ್ಲ, ನನ್ನ ತಾಯಿ. ನನ್ನ ತಾಯಿಯ ತವರು ಅಕ್ಕಲಕೋಟದ ಕಡೆಯ ಹಳ್ಳಿ. ಮದುವೆಯಾಗಿ ಗಡಿ ದಾಟಿ ಹಿರೋಳ್ಳಿಗೆ ಬಂದಳು. ಗಡಿಯ ಎರಡೂ ಕಡೆ ಅನೇಕ ಮನೆತನಗಳಲ್ಲಿ ಒಂದು ಪದ್ಧತಿಯಿದೆ. ಗಂಡನ ಮನೆಗೆ ಬಂದ ಹೆಣ್ಣಿಗೆ ಹೊಸ ಹೆಸರು. ತಟ್ಟೆಯಲ್ಲಿ ಅಕ್ಕಿ ಹರವಿ, ಮದುಮಗ ಉಂಗುರದಿಂದ ಆ ಅಕ್ಕಿಯ ಮೇಲೆ ಹೊಸ ಹೆಸರು ಬರೆಯುತ್ತಾನೆ. ಸುತ್ತ ಕೂತ ಹೆಂಗಸರು ನಗುತ್ತಾರೆ, ಸಕ್ಕರೆ ಹಂಚುತ್ತಾರೆ. ನೋಡಲು ಚೆಂದವೇ. ಆದರೆ ಹಳೆಯ ಹೆಸರಿನವಳೇ ಈ ಹೊಸ ಹೆಸರಿನವಳು ಎಂಬುದಕ್ಕೆ ಇರುವ ದಾಖಲೆ ಆ ತಟ್ಟೆಯ ಅಕ್ಕಿ ಒಂದೇ. ಮರುದಿನ ಅದೂ ಅನ್ನವಾಗಿ ಹೋಗುತ್ತದೆ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ತಂದೆಯ ಸ್ವಂತ ಆಸ್ತಿಗೆ ಮಗಳನ್ನೂ ವಾರಸುದಾರಳೆಂದು ಒಪ್ಪಿತು. ಅಜ್ಜ ತೀರಿಕೊಂಡಾಗ ನನ್ನ ಸೋದರಮಾವಂದಿರು ಒಳ್ಳೆಯ ಮನಸ್ಸಿನಿಂದ ತಂಗಿಯ ಹೆಸರನ್ನೂ ಸೇರಿಸಿದರು. ಆ ಕಡೆ ಪಹಣಿಗೆ ಸಾತ್‌ಬಾರಾ ಎನ್ನುತ್ತಾರೆ, ಸರ್ವೆ ನಂಬರಿನ ಜಾಗದಲ್ಲಿ ಬಹಳ ಕಡೆ ಗಟ್ ನಂಬರು ಬಂದಿದೆ. ಆ ಸಾತ್‌ಬಾರಾದಲ್ಲಿ ಬರೆದದ್ದು ಅವಳ ತವರಿನ ಹೆಸರು. ಇಲ್ಲಿ ಮತದಾರರ ಪಟ್ಟಿ, ಪಡಿತರ ಚೀಟಿ, ಆಮೇಲೆ ಬಂದ ಆಧಾರ್ ಎಲ್ಲದರಲ್ಲೂ ಅಕ್ಕಿಯ ಮೇಲೆ ಬರೆದ ಹೆಸರು. ವರ್ಷಗಳ ನಂತರ ಆ ಹೊಲದ ಒಂದು ಅಂಚು ಸಾರ್ವಜನಿಕ ಕೆಲಸಕ್ಕೆ ಹೋಗಿ ಪರಿಹಾರ ಮಂಜೂರಾಯಿತು. ಕಾಗದ ಹಿಡಿದು ಹೋದರೆ ಅಲ್ಲಿಯ ಕಚೇರಿಯಲ್ಲಿ ಹೇಳಿದ್ದು ಒಂದೇ ಮಾತು: ಈ ಹೆಸರಿನವರು ನಮ್ಮ ದಾಖಲೆಯಲ್ಲಿ ಇಲ್ಲ.

ಹೊಲದ ನಂಬರು ಸರಿಯಿತ್ತು. ಆಧಾರ್ ಸಂಖ್ಯೆ ಸರಿಯಿತ್ತು. ನೆಲದ ಗುರುತೂ ಗಟ್ಟಿ, ಆಳಿನ ಗುರುತೂ ಗಟ್ಟಿ. ಎರಡರ ನಡುವೆ ಗಂಟು ಹಾಕಬೇಕಾದ ಹೆಸರು ಮಾತ್ರ ಸಡಿಲು. ತಾಯಿ ಆ ಕಚೇರಿಯ ಕಟ್ಟೆಯ ಮೇಲೆ ಕೂತು ಹೇಳಿದ್ದು ನನಗಿನ್ನೂ ನೆನಪಿದೆ: “ನಾ ಜೀವಂತ ಇದ್ದೀನಿ, ಹೊಲಾನೂ ಅಲ್ಲೇ ಅದ. ಆ ಹೊಲದ ಮಗಳು ನಾನ ಅಂತ ಹೇಳೋರು ಯಾರೂ ಉಳದಿಲ್ಲವ್ವ.” ಸೋದರಮಾವಂದಿರು ಅಷ್ಟರಲ್ಲಿ ತೀರಿಕೊಂಡಿದ್ದರು. ಹೆಸರು ಬರೆದ ಅಕ್ಕಿಯನ್ನು ನೋಡಿದ ಹೆಂಗಸರಲ್ಲಿಯೂ ಒಬ್ಬಿಬ್ಬರೇ ಉಳಿದಿದ್ದರು.

ಎರಡು ವರ್ಷ ಓಡಾಡಿದೆವು. ತವರಿನ ಊರಿನ ಮರಾಠಿ ಶಾಲೆಯ ಹಳೆಯ ದಾಖಲಾತಿ ಪುಸ್ತಕದಲ್ಲಿ ಅವಳ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು ಸಿಕ್ಕವು. ಅಟ್ಟದ ಮೇಲಿನ ಟ್ರಂಕಿನಲ್ಲಿ ಲಗ್ನಪತ್ರಿಕೆ ಸಿಕ್ಕಿತು; ಅದರಲ್ಲಿ ತವರಿನ ಹೆಸರಿನ ಜೊತೆ ನಮ್ಮ ತಂದೆಯ ಹೆಸರು ಇತ್ತು. ಇವೆರಡನ್ನೂ ಹಚ್ಚಿ, ಇಬ್ಬರು ಸಾಕ್ಷಿದಾರರನ್ನು ಕರೆದುಕೊಂಡು ಹೋಗಿ, ‘ಈ ಎರಡೂ ಹೆಸರಿನ ವ್ಯಕ್ತಿ ಒಬ್ಬಳೇ’ ಎಂದು ಪ್ರಮಾಣಪತ್ರ ಮಾಡಿಸಿದೆವು. ಆಮೇಲೆ ಹಣ ಬಂತು. ದೊಡ್ಡ ಮೊತ್ತವೇನಲ್ಲ. ಆದರೆ ತಂದೆಯ ಹೊಲದಿಂದ ಬಂದ ಹಣವೆಂದು ತಾಯಿ ಅದನ್ನು ಎಣಿಸದೆ ಕಣ್ಣಿಗೊತ್ತಿಕೊಂಡಳು.

ನಂಬರುಗಳ ವಿಷಯದಲ್ಲಿ ಸರ್ಕಾರ ಸುಮ್ಮನೆ ಕುಳಿತಿಲ್ಲ. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ತೆಂಭಲಿ ಎಂಬ ಹಳ್ಳಿಯಲ್ಲಿ ದೇಶದ ಮೊದಲ ಆಧಾರ್ ಸಂಖ್ಯೆ ಕೊಡಲಾಯಿತು. ಅದನ್ನು ಪಡೆದವಳು ಒಬ್ಬ ಹೆಂಗಸು. ಈ ಯೋಜನೆಯ ಹೊಣೆ ಹೊತ್ತಿದ್ದವರು ಬೆಂಗಳೂರಿನ ನಂದನ್ ನಿಲೇಕಣಿ. ಅದರ ದೊಡ್ಡ ಡೇಟಾ ಸೆಂಟರುಗಳಲ್ಲಿ ಒಂದು ಬೆಂಗಳೂರಿನಲ್ಲೇ ಇದೆ. ಆಧಾರಿನ ಹನ್ನೆರಡು ಅಂಕಿಗಳಲ್ಲಿ ಊರು, ಜಾತಿ, ಹೆಣ್ಣು-ಗಂಡು ಯಾವುದರ ಸುಳಿವೂ ಇಲ್ಲ. ಕೊನೆಯ ಅಂಕಿ ಮಾತ್ರ ಉಳಿದ ಹನ್ನೊಂದನ್ನು ತಾಳೆ ನೋಡಲಿಕ್ಕೆ. ಹೀಗಾಗಿ ಒಂದು ಅಂಕಿ ತಪ್ಪಿ ಬರೆದರೂ ಕಂಪ್ಯೂಟರು ಹಿಡಿಯುತ್ತದೆ. ಇದು ಪೂರ್ತಿ ಆಳಿನ ನಂಬರು. ಹೆಣ್ಣು ಯಾವ ಊರಿಗೆ ಸೊಸೆಯಾಗಿ ಹೋದರೂ ಬದಲಾಗದ ಗುರುತು ಇದು. ಇನ್ನೊಂದು ಕಡೆ 2021ರಿಂದ ದೇಶದ ಹೊಲಗಳಿಗೂ ಭೂ-ಆಧಾರ್ ಎಂಬ ಹದಿನಾಲ್ಕು ಅಂಕಿ-ಅಕ್ಷರಗಳ ಗುರುತು ಬರುತ್ತಿದೆ. ಅದು ಹೊಲದ ಮೂಲೆಗಳ ಅಕ್ಷಾಂಶ, ರೇಖಾಂಶದಿಂದ ಹುಟ್ಟುವ ನಂಬರು. ಇದು ಪೂರ್ತಿ ನೆಲದ ನಂಬರು. ನಮ್ಮ ರಾಜ್ಯದಲ್ಲಿ 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕೆಲಸ ಊರೂರಿನಲ್ಲಿ ನಡೆಯಿತು. ನೆಲಕ್ಕೂ ಆಳಿಗೂ ಗಂಟು ಹಾಕುವ ಕೆಲಸ ಅದೇ.

ಕಾನೂನೂ ಮುಂದೆ ಬಂದಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತ್ತು, ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಗೋಡೆಯನ್ನೂ ತೆಗೆಯಿತು. 2020ರಲ್ಲಿ ಸುಪ್ರೀಂ ಕೋರ್ಟು ತಂದೆ ಆ ಹೊತ್ತಿಗೆ ಬದುಕಿರಲಿ ಬಿಡಲಿ ಮಗಳ ಹಕ್ಕು ಹಕ್ಕೇ ಎಂದು ಹೇಳಿತು. ಹಕ್ಕು ಬಂತು ಸರಿ. ಆದರೆ ಹಕ್ಕಿನ ಕಪಾಟಿನ ಮುಂದೆ ನಿಂತಾಗ ‘ನೀವು ಯಾರು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ನಮ್ಮ ಕೈಯಲ್ಲಿ ಉತ್ತರ ಇರಬೇಕು.

ಹೊಸ ಹೆಸರು ಇಡುವುದು ಬಿಡಿ ಎಂದು ನಾನು ಯಾರಿಗೂ ಉಪದೇಶ ಮಾಡುವುದಿಲ್ಲ. ಅದು ಅವರವರ ಮನೆತನದ ಪ್ರೀತಿ. ಆದರೆ ಮಗಳ ಮದುವೆ ಮಾಡುವ ತಾಯಂದಿರಿಗೆ, ಸೊಸೆಯನ್ನು ತರುವ ಅತ್ತೆಯರಿಗೆ ಒಂದು ಮಾತು ಹೇಳಬಯಸುತ್ತೇನೆ. ಅಕ್ಕಿಯ ಮೇಲೆ ಬರೆದ ಹೆಸರನ್ನು ಅದೇ ವಾರ ಕಾಗದದ ಮೇಲೂ ಬರೆಯಿಸಿ. ಮದುವೆಯನ್ನು ನೋಂದಾಯಿಸಿ. ತವರಿನ ಹೆಸರು, ಗಂಡನ ಮನೆಯ ಹೆಸರು ಎರಡೂ ಇರುವ ಒಂದು ಪ್ರಮಾಣಪತ್ರ ಮಾಡಿಸಿಡಿ. ಶಾಲೆಯ ದಾಖಲಾತಿ, ಆಧಾರ್, ಬ್ಯಾಂಕಿನ ಪುಸ್ತಕ ಮೂರರಲ್ಲೂ ಕಾಗುಣಿತ ಸಹ ಒಂದೇ ಇರಲಿ. ಸಾಕ್ಷಿ ಹೇಳುವವರು ಬದುಕಿರುವಾಗಲೇ ಇದನ್ನು ಮುಗಿಸಿ. ಯಂತ್ರಗಳನ್ನು ನೋಡಿಕೊಳ್ಳುವ ಆ ಹುಡುಗಿ ಒಂದು ಕಬ್ಬಿಣದ ತುಂಡನ್ನು ಬದಲಿಸುವ ಮುಂಚೆ ಅದರ ಹಳೆಯ ಗುರುತನ್ನೂ ಹೊಸ ಗುರುತನ್ನೂ ಎದುರುಬದುರು ಬರೆದುಕೊಳ್ಳುತ್ತಾಳೆ. ಮನೆ ಬದಲಿಸುವ ನಮ್ಮ ಹೆಣ್ಣುಮಕ್ಕಳಿಗೆ ನಾವು ಅಷ್ಟಾದರೂ ಮಾಡಬೇಡವೇ?